ಕೊಸರು (ವ್ಯಾಪಾರ)

ಕೊಸರು ಎಂದರೆ ಕೊಂಡ ಸರಕಿನ ಅಳತೆ ಅಥವಾ ತೂಕ ಮುಗಿದ ಮೇಲೆ ಮಾರಾಟಗಾರನು ಬೆಲೆ ಪಡೆಯದೆ ಸೇರಿಸಿ ಕೊಡುವ ಸ್ವಲ್ಪ ಹೆಚ್ಚುವರಿ ಸರಕು. ಕರ್ನಾಟಕದ ಸಂತೆ, ತರಕಾರಿ ಮಾರುಕಟ್ಟೆ, ಹೂವಿನ ಅಂಗಡಿ ಮತ್ತು ಹಾಲಿನ ವರ್ತನೆಗಳಲ್ಲಿ ಈ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಗಿರಾಕಿಯ ವಿಶ್ವಾಸ ಗಳಿಸಿ ಅವನು ಮತ್ತೆ ಅದೇ ಅಂಗಡಿಗೆ ಬರುವಂತೆ ಮಾಡುವುದು ಇದರ ಉದ್ದೇಶ. ಆಧುನಿಕ ವಾಣಿಜ್ಯಶಾಸ್ತ್ರದಲ್ಲಿ ಉಚಿತ ಮಾದರಿ, ಉಚಿತ ಕೊಡುಗೆ, ಉಚಿತ ಪ್ರಯೋಗ ಅವಧಿ ಎಂದು ವಿಂಗಡಿಸಲಾಗುವ ಮಾರಾಟ ವಿಧಾನಗಳಿಗೆ ಕೊಸರು ಹತ್ತಿರದ ಸಂಬಂಧಿ. ಆದರೆ ಅವುಗಳಿಗೂ ಇದಕ್ಕೂ ಗಮನಾರ್ಹ ವ್ಯತ್ಯಾಸಗಳಿವೆ.

ಪದ ಮತ್ತು ಅರ್ಥ

'ಕೊಸರು' ಎಂಬುದು ಕನ್ನಡದಲ್ಲಿ ನಾಮಪದವಾಗಿಯೂ ಕ್ರಿಯಾಪದವಾಗಿಯೂ ಬಳಕೆಯಲ್ಲಿದೆ. ಕ್ರಿಯಾಪದವಾಗಿ ಅದಕ್ಕೆ ಹಿಡಿತದಿಂದ ಬಿಡಿಸಿಕೊಳ್ಳಲು ಎಳೆದಾಡು ಎಂಬ ಅರ್ಥವಿದೆ. 'ಕೊಸರಾಡು', 'ಕೊಸರಾಟ' ಎಂಬ ರೂಪಗಳು ಇದರಿಂದ ಬಂದವು. ವ್ಯಾಪಾರದ ಕೊಸರಿನಲ್ಲಿಯೂ ಈ ಎಳೆದಾಟದ ಛಾಯೆ ಉಳಿದಿದೆ. ಗಿರಾಕಿಯು ಕೇಳುವುದು, ಮಾರುವವಳು ಒಲ್ಲೆನೆನ್ನುವುದು, ಕೊನೆಗೆ ಕೈತುಂಬ ಅಲ್ಲದಿದ್ದರೂ ಚಿಟಿಕೆಯಷ್ಟಾದರೂ ಹಾಕುವುದು, ಇವೆಲ್ಲ ಸೇರಿಯೇ ಕೊಸರು. ತೆಲುಗಿನ 'ಕೊಸರು' ಮತ್ತು ತಮಿಳಿನ 'ಕೊಸುರು' ಎಂಬ ಪದಗಳು ಇದೇ ಅರ್ಥವನ್ನು ಹೊಂದಿವೆ.

ಕೊಸರು ಮತ್ತು ಚೌಕಾಸಿ ಒಂದೇ ಅಲ್ಲ. ಚೌಕಾಸಿಯಲ್ಲಿ ಬೆಲೆ ಇಳಿಯುತ್ತದೆ. ಕೊಸರಿನಲ್ಲಿ ಬೆಲೆ ಹಾಗೆಯೇ ಉಳಿದು ಸರಕು ಹೆಚ್ಚುತ್ತದೆ. ಬೆಲೆಯನ್ನು ಒಬ್ಬ ಗಿರಾಕಿಗೆ ಇಳಿಸಿದರೆ ಪಕ್ಕದಲ್ಲಿ ನಿಂತ ಮತ್ತೊಬ್ಬನಿಗೂ ಇಳಿಸಬೇಕಾಗುತ್ತದೆ, ನಾಳೆಯೂ ಅದೇ ಬೆಲೆಯನ್ನು ಅವನು ನೆನಪಿಸುತ್ತಾನೆ. ಎರಡು ಎಸಳು ಕರಿಬೇವನ್ನು ಹೆಚ್ಚಿಗೆ ಕೊಟ್ಟರೆ ಬೆಲೆಗೆ ಧಕ್ಕೆಯಿಲ್ಲ. ಆದಕಾರಣ ಅನುಭವವುಳ್ಳ ವ್ಯಾಪಾರಿಗಳು ಬೆಲೆ ಇಳಿಸುವುದಕ್ಕಿಂತ ಕೊಸರು ಹಾಕುವುದನ್ನೇ ಮೆಚ್ಚುತ್ತಾರೆ.

ಇಂಥ ಪದ್ಧತಿ ಬೇರೆ ದೇಶಗಳಲ್ಲಿಯೂ ಇದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಇದನ್ನು 'ಲ್ಯಾನ್ಯಾಪ್' ಎನ್ನುತ್ತಾರೆ. ದಕ್ಷಿಣ ಅಮೆರಿಕದ ಕೆಚುವಾ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದ ಈ ಪದವನ್ನು ಮಾರ್ಕ್ ಟ್ವೈನ್ 1883ರಲ್ಲಿ ಪ್ರಕಟವಾದ ಮಿಸಿಸಿಪಿ ನದಿಯ ಕುರಿತ ತನ್ನ ಪುಸ್ತಕದಲ್ಲಿ ಪ್ರಸ್ತಾಪಿಸಿದ್ದಾನೆ. ಇಂಗ್ಲೆಂಡಿನಲ್ಲಿ ಹನ್ನೆರಡು ರೊಟ್ಟಿಗೆ ಹದಿಮೂರನೆಯದನ್ನು ಸೇರಿಸಿ ಕೊಡುವ ರೂಢಿಯಿತ್ತು. ತೂಕದಲ್ಲಿ ಮೋಸ ಮಾಡಿದ ರೊಟ್ಟಿಗಾರರಿಗೆ 13ನೆಯ ಶತಮಾನದ ಕಾನೂನು ಕಠಿಣ ಶಿಕ್ಷೆ ವಿಧಿಸುತ್ತಿದ್ದುದೇ ಅದಕ್ಕೆ ಕಾರಣವೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅಲ್ಲಿ ಭಯದಿಂದ ಕೊಟ್ಟದ್ದನ್ನು ಇಲ್ಲಿ ಮುಲಾಜಿಗೆ ಕೊಡುತ್ತಾರೆ ಎನ್ನಬಹುದು.

ತುಮಕೂರು ಸೀಮೆಯಲ್ಲಿ ಬಳಕೆ

ತುಮಕೂರು, ಗುಬ್ಬಿ, ಕುಣಿಗಲ್ ಭಾಗವು ತೆಂಗು, ಅಡಿಕೆ, ಹುಣಸೆ, ಹಲಸು, ರಾಗಿ ಬೆಳೆಯುವ ನಾಡು. ಬೆಂಗಳೂರಿನಿಂದ ಮಲೆನಾಡಿಗೂ ಕರಾವಳಿಗೂ ಹೋಗುವ ದಾರಿಗಳು ಇಲ್ಲಿಂದ ಹಾದುಹೋಗುವುದರಿಂದ ವ್ಯಾಪಾರ ಇಲ್ಲಿ ಹಳೆಯದು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯನ್ನು ವ್ಯಾಪಾರದ ಊರಾಗಿ ಗುರುತಿಸಿದ್ದಾನೆ. ಮಲೆನಾಡಿನ ಅಡಿಕೆಯನ್ನು ಕೊಂಡು ಪೂರ್ವದ ಊರುಗಳಿಗೆ ಸಾಗಿಸುವ ಮಧ್ಯವರ್ತಿಗಳಾಗಿ ಗುಬ್ಬಿಯ ವರ್ತಕರು ಹಿಂದೆ ಹೆಸರಾಗಿದ್ದರು.

ಸೇರು, ಪಾವು, ಚಟಾಕುಗಳ ಕಾಲದಲ್ಲಿ ಕೊಸರಿಗೆ ನಿಶ್ಚಿತವಾದ ಸ್ಥಾನವಿತ್ತು. ಧಾನ್ಯವನ್ನು ತೂಗುವ ಬದಲು ಅಳೆಯುತ್ತಿದ್ದುದರಿಂದ ಅಳೆಯುವವನ ಕೈಗುಣದ ಮೇಲೆ ಪ್ರಮಾಣ ಬದಲಾಗುತ್ತಿತ್ತು. ಸೇರಿನ ಬಾಯಿಯನ್ನು ಕೈಯಿಂದ ಸವರಿ ಕೊಟ್ಟರೆ ಒಂದು ಲೆಕ್ಕ, ಗೋಪುರದಂತೆ ತುಂಬಿ ಕೊಟ್ಟರೆ ಇನ್ನೊಂದು ಲೆಕ್ಕ. ಸವರಿ ಕೊಟ್ಟವನು ಮೇಲೊಂದು ಹಿಡಿ ಹಾಕಲೇಬೇಕೆಂಬುದು ಗಿರಾಕಿಯ ನಿರೀಕ್ಷೆ. ಅಂದರೆ ಕೊಸರಿಗೆ ಅಳತೆಯ ಅನಿಶ್ಚಿತತೆಯನ್ನು ಸರಿದೂಗಿಸುವ ಕೆಲಸವೂ ಇತ್ತು. ಭಾರತದಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣೀಕರಣ ಕಾಯಿದೆ 1956ರಲ್ಲಿ ಬಂದು, ನಂತರದ ವರ್ಷಗಳಲ್ಲಿ ಕಿಲೋಗ್ರಾಂ, ಲೀಟರುಗಳು ಹಂತಹಂತವಾಗಿ ರೂಢಿಗೆ ಬಂದವು. ಅಳತೆ ಖಚಿತವಾದರೂ ಕೊಸರು ಹೋಗಲಿಲ್ಲ; ಅದರ ಕೆಲಸ ಮಾತ್ರ ಬದಲಾಯಿತು. ಅಲ್ಲಿಯವರೆಗೆ ನ್ಯಾಯವಾಗಿ ಬರಬೇಕಾದುದರ ಭಾಗವಾಗಿದ್ದುದು ಅಲ್ಲಿಂದ ಮುಂದೆ ಪ್ರೀತಿಯ ಕೊಡುಗೆಯಾಯಿತು.

ಸರಕಿಗೆ ತಕ್ಕಂತೆ ಕೊಸರಿನ ರೂಪ ಬೇರೆ. ಹೂವನ್ನು ಮೊಳ ಅಥವಾ ಮಾರಿನಲ್ಲಿ ಅಳೆಯುವವರು ಕತ್ತರಿಸುವ ಮುನ್ನ ನಾಲ್ಕು ಬೆರಳಿನಷ್ಟು ದಾರವನ್ನು ಮುಂದಕ್ಕೆ ಬಿಡುತ್ತಾರೆ. ಮನೆಮನೆಗೆ ಹಾಲು ಹಾಕುವವರು ಅಳತೆ ಸುರಿದ ಮೇಲೆ ಕ್ಯಾನಿನಿಂದ ಒಂದು ಸುತ್ತು ಮತ್ತೆ ಸುರಿಯುತ್ತಾರೆ. ಕಡಲೆಕಾಯಿ, ಪುರಿ ಮಾರುವವರದು ಒಂದು ಹಿಡಿ. ತರಕಾರಿಯವರು ಕೊತ್ತಂಬರಿ, ಕರಿಬೇವು, ಒಂದೆರಡು ಹಸಿಮೆಣಸಿನಕಾಯಿಗಳನ್ನು ಚೀಲದ ಮೇಲೆ ಹಾಕುತ್ತಾರೆ. "ಸ್ವಲ್ಪ ಕೊಸರು ಹಾಕವ್ವಾ" ಎಂದು ಕೇಳದೆ ಬರುವ ಗಿರಾಕಿಗೆ ತಾನಾಗಿಯೇ ಹಾಕಿದ ಕೊಸರಿಗೆ ಹೆಚ್ಚು ಬೆಲೆಯೆಂಬುದು ಸಂತೆಯ ಹೆಂಗಸರಿಗೆ ಗೊತ್ತಿರುವ ವಿಷಯ. ತುಮಕೂರು ನಗರದ ಹೊರವಲಯದಲ್ಲಿರುವ ಅಂತರಸನಹಳ್ಳಿಯ ಸಗಟು ಮಾರುಕಟ್ಟೆಯಂಥ ಕಡೆಗಳಿಂದ ಸೊಪ್ಪು ತಂದು ಬೀದಿಯಲ್ಲಿ ಮಾರುವವರಿಗೆ ಕೊಸರಿನ ಸೊಪ್ಪೂ ಬಂಡವಾಳದ ಲೆಕ್ಕದಲ್ಲೇ ಸೇರಿರುತ್ತದೆ. ಉದಾಹರಣೆಗೆ, 100 ರೂಪಾಯಿಯ ಕರಿಬೇವನ್ನು 100 ಮಂದಿಗೆ ಹಂಚಿದರೆ ತಲೆಗೆ ಬೀಳುವುದು 1 ರೂಪಾಯಿ. ಪ್ರತಿಯೊಬ್ಬರೂ 50 ರೂಪಾಯಿಯ ತರಕಾರಿ ಕೊಂಡರೆ ಈ ಖರ್ಚು ವಹಿವಾಟಿನ ಶೇಕಡ 2 ಮಾತ್ರ. ಕರಿಬೇವಿನ ಬೆಲೆ ಏರಿದ ದಿನಗಳಲ್ಲಿ ಮೊದಲು ಕಡಿಮೆಯಾಗುವುದೂ ಈ ಕೊಸರೇ.

ಹೋಟೆಲುಗಳಲ್ಲಿ ಇದಕ್ಕೆ ಹೆಸರಿಲ್ಲದಿದ್ದರೂ ಆಚರಣೆಯಿದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೆಸರುವಾಸಿಯಾದುದು. ಈ ಸೀಮೆಯ ಸಾಮಾನ್ಯ ಹೋಟೆಲಿನಲ್ಲಿ ಇಡ್ಲಿಗೆ ಲೆಕ್ಕವುಂಟು, ಎರಡನೆಯ ಸಲ ಹಾಕಿಸಿಕೊಂಡ ಚಟ್ನಿಗೆ ಲೆಕ್ಕವಿಲ್ಲ. ಜವಳಿ ಅಂಗಡಿಯವರು ಕೊಡುವ ಕೈಚೀಲ, ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರ್, ಆಭರಣದ ಅಂಗಡಿಯ ಪುಟ್ಟ ಪರ್ಸು ಇವೂ ಇದೇ ವರ್ಗಕ್ಕೆ ಸೇರುತ್ತವೆ. ಆದರೆ ಇವುಗಳ ಮೇಲೆ ಅಂಗಡಿಯ ಹೆಸರು ಅಚ್ಚಾಗಿರುವುದರಿಂದ ಜಾಹೀರಾತಿನ ಅಂಶವೇ ಹೆಚ್ಚು. ಪಠ್ಯಸಹಾಯಕ ಪುಸ್ತಕಗಳ ಪ್ರಕಾಶಕರು ಶಾಲೆಗಳ ಅಧ್ಯಾಪಕರಿಗೆ ಕೊಡುವ 'ಮಾದರಿ ಪ್ರತಿ'ಯನ್ನೂ ಇಲ್ಲಿ ನೆನೆಯಬಹುದು. ಅಲ್ಲಿ ಉಚಿತ ಪ್ರತಿಯನ್ನು ಪಡೆಯುವವರು ಅಧ್ಯಾಪಕರು, ಹಣ ಕೊಟ್ಟು ಕೊಳ್ಳುವವರು ಮಕ್ಕಳ ತಂದೆತಾಯಿಗಳು.

ಮಠಗಳ ದಾಸೋಹವನ್ನು ಇದರೊಂದಿಗೆ ಬೆರೆಸಬಾರದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ನಡೆಯುವ ಉಚಿತ ಅನ್ನ, ವಸತಿ, ವಿದ್ಯೆಗಳ ವ್ಯವಸ್ಥೆ ಮರಳಿ ಏನನ್ನೂ ನಿರೀಕ್ಷಿಸದ ದಾನ. ಅದೇ ಮಠದ ಜಾತ್ರೆಯ ಸಂದರ್ಭದಲ್ಲಿ ಏರ್ಪಡುವ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನದಂಥ ಕಡೆಗಳಲ್ಲಿ ಮಳಿಗೆಯವರು ಹಂಚುವ ಬೀಜದ ಪೊಟ್ಟಣವಾಗಲಿ ರುಚಿ ನೋಡಲು ಕೊಡುವ ತಿಂಡಿಯಾಗಲಿ ವ್ಯಾಪಾರದ ಮಾತು.

ರುಚಿ ತೋರಿಸುವುದು

ಕೊಸರು ಕೊಂಡ ಮೇಲೆ ಬರುವುದಾದರೆ, ರುಚಿ ತೋರಿಸುವುದು ಕೊಳ್ಳುವ ಮೊದಲಿನ ಕ್ರಮ. ಇದಕ್ಕೆ ಹಲಸಿಗಿಂತ ಒಳ್ಳೆಯ ನಿದರ್ಶನ ಸಿಗದು. ಹಲಸಿನ ಹಣ್ಣಿನ ಗುಣ ಹೊರಗಿನಿಂದ ತಿಳಿಯುವುದಿಲ್ಲ. ಬೀಜದಿಂದ ಬೆಳೆದ ಒಂದೊಂದು ಮರದ ಹಣ್ಣೂ ಒಂದೊಂದು ಬಗೆ. ಬಕ್ಕೆಯೋ ಅಂಬಲಿಯೋ, ಸಿಹಿಯೋ ಸಪ್ಪೆಯೋ ಎಂಬುದು ಕೊಯ್ದ ಮೇಲೆಯೇ ಗೊತ್ತಾಗಬೇಕು. ಹೀಗಾಗಿ ಹೆದ್ದಾರಿಯ ಬದಿಯಲ್ಲಿ ಹಲಸು ಮಾರುವವರು ಒಂದು ಹಣ್ಣನ್ನು ಬಿಡಿಸಿಟ್ಟು ಬಂದವರಿಗೆ ಒಂದು ತೊಳೆ ಕೈಗಿಡುತ್ತಾರೆ. ಕುಣಿಗಲ್ ಮೂಲಕ ಮಂಗಳೂರಿನ ಕಡೆಗೆ ಸಾಗುವ ಪ್ರಯಾಣಿಕ ನಾಳೆ ಮತ್ತೆ ಬರುವವನಲ್ಲ. ಅವನಿಗೆ ಕೊಸರಿನ ಆಸೆ ತೋರಿಸಿ ಪ್ರಯೋಜನವಿಲ್ಲ, ತೊಳೆಯ ರುಚಿಯೇ ಸಾಕ್ಷಿಯಾಗಬೇಕು.

ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತ ಎಸ್.ಎಸ್. ಪರಮೇಶ ಅವರ ತೋಟದ ಒಂದು ಮರದ ಹಣ್ಣಿನ ತೊಳೆಗಳು ತಾಮ್ರಗೆಂಪು ಬಣ್ಣದವು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಈ ಮರವನ್ನು ಗುರುತಿಸಿ, ತಂದೆಯ ಹೆಸರಿನ ನೆನಪಿಗೆ 'ಸಿದ್ದು' ಎಂದು ಕರೆಯಲಾದ ಈ ತಳಿಯ ಕಸಿ ಗಿಡಗಳನ್ನು ಬೆಳೆಸಿ ಮಾರುವ ಬಗ್ಗೆ 2017ರಲ್ಲಿ ರೈತರೊಡನೆ ಒಪ್ಪಂದ ಮಾಡಿಕೊಂಡಿತು. ಹಣ್ಣುಗಳು ಚಿಕ್ಕವು, ಸರಾಸರಿ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಗುತ್ತವೆ. ಸಂಸ್ಥೆಯ ಕೇಂದ್ರವೊಂದು ತುಮಕೂರಿನ ಸಮೀಪದ ಹಿರೇಹಳ್ಳಿಯಲ್ಲಿದೆ. ಇಂಥ ತಳಿಗಳಲ್ಲಿ ಉಚಿತ ರುಚಿಯ ಮಹತ್ವ ಇನ್ನೂ ಹೆಚ್ಚು, ಏಕೆಂದರೆ ಕಸಿ ಗಿಡ ಕೊಳ್ಳುವ ರೈತನು ಫಲ ಕಾಣಲು ಕೆಲವು ವರ್ಷ ಕಾಯಬೇಕು. ಗಿಡವನ್ನು ಪರೀಕ್ಷಿಸಿ ಕೊಳ್ಳಲಾಗುವುದಿಲ್ಲ. ತಾಯಿಮರದ ತೊಳೆಯನ್ನು ತಿಂದು ನಂಬಬೇಕು.

ನಂಬಿಕೆ ಹುಟ್ಟುವ ಬಗೆ

ಕೊಡುವವನಿಗೆ ಸರಕಿನ ಗುಣ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವ ಸ್ಥಿತಿಯಲ್ಲಿ ಮಾರುಕಟ್ಟೆಯೇ ಕೆಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತನ್ನ ಪ್ರಸಿದ್ಧ ಲೇಖನದಲ್ಲಿ ತೋರಿಸಿದನು. ಅದೇ ವರ್ಷ ಫಿಲಿಪ್ ನೆಲ್ಸನ್, ನೋಡಿದೊಡನೆ ಗುಣ ತಿಳಿಯುವ ಸರಕು ಮತ್ತು ಬಳಸಿದ ಮೇಲೆ ಮಾತ್ರ ತಿಳಿಯುವ ಸರಕು ಎಂಬ ವಿಂಗಡಣೆಯನ್ನು ಮುಂದಿಟ್ಟನು. ಉಚಿತ ಮಾದರಿಯು ಎರಡನೆಯ ಬಗೆಯ ಸರಕಿಗೆ ಸಲ್ಲುವ ಉಪಾಯ. ಕೆಟ್ಟ ಸರಕಿನವನಿಗೆ ರುಚಿ ತೋರಿಸುವುದು ನಷ್ಟ. ಒಳ್ಳೆಯ ಸರಕಿನವನಿಗೆ ಮಾತ್ರ ಅದು ಲಾಭ. ಆದ್ದರಿಂದ ರುಚಿ ತೋರಿಸಲು ಮುಂದಾಗುವುದೇ ಸರಕಿನ ಗುಣಕ್ಕೆ ಒಂದು ಸೂಚನೆಯಾಗುತ್ತದೆ.

ಇನ್ನೊಂದು ಕಾರಣ ಮನಸ್ಸಿಗೆ ಸಂಬಂಧಿಸಿದ್ದು. ಕೊಡುಗೆಯನ್ನು ಪಡೆದವನಿಗೆ ಮರಳಿ ಕೊಡುವ ಹಂಗು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ವಿವರಿಸಿದ್ದಾನೆ. 1971ರಲ್ಲಿ ಪ್ರಕಟವಾದ ಡೆನಿಸ್ ರೀಗನ್‌ನ ಪ್ರಯೋಗದಲ್ಲಿ, ಸಹಭಾಗಿಯೊಬ್ಬನಿಂದ ಒಂದು ಬಾಟಲಿ ತಂಪು ಪಾನೀಯವನ್ನು ಉಚಿತವಾಗಿ ಪಡೆದವರು ಆಮೇಲೆ ಅವನು ಮಾರಿದ ಲಾಟರಿ ಚೀಟಿಗಳನ್ನು ಉಳಿದವರಿಗಿಂತ ಸುಮಾರು ಎರಡು ಪಟ್ಟು ಕೊಂಡರು. ಡ್ಯಾನ್ ಏರಿಯೆಲಿ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು 'ಸೊನ್ನೆ' ಬೆಲೆಯ ಆಕರ್ಷಣೆಯನ್ನು ಕುರಿತದ್ದು. ಒಳ್ಳೆಯ ಚಾಕೊಲೇಟಿಗೆ 15 ಸೆಂಟ್, ಸಾಧಾರಣದ್ದಕ್ಕೆ 1 ಸೆಂಟ್ ಇದ್ದಾಗ ಹೆಚ್ಚಿನವರು ಒಳ್ಳೆಯದನ್ನು ಆರಿಸಿದರು. ಎರಡರ ಬೆಲೆಯನ್ನೂ ಒಂದೊಂದು ಸೆಂಟ್ ಇಳಿಸಿ ಸಾಧಾರಣದ್ದನ್ನು ಉಚಿತ ಮಾಡಿದೊಡನೆ ಹೆಚ್ಚಿನವರು ಅದರ ಕಡೆಗೆ ತಿರುಗಿದರು. ಬೆಲೆಗಳ ಅಂತರ ಬದಲಾಗಿರಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಕಂಪನಿಗಳ ಉಚಿತ ಹಂಚಿಕೆ

ಕೊಸರು ಮುಖಪರಿಚಯದ ವ್ಯಾಪಾರ. ಗಿರಾಕಿಯ ಮುಖವನ್ನೇ ಕಾಣದ ಕಂಪನಿಗಳು ಅದೇ ಪರಿಣಾಮವನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಲು 19ನೆಯ ಶತಮಾನದ ಕೊನೆಯಿಂದ ಪ್ರಯತ್ನಿಸಿದವು. ಕೋಕಾ-ಕೋಲಾ ಕಂಪನಿಯು 1880ರ ದಶಕದ ಕೊನೆಯಲ್ಲಿ ಒಂದು ಲೋಟ ಪಾನೀಯವನ್ನು ಉಚಿತವಾಗಿ ಪಡೆಯುವ ಚೀಟಿಗಳನ್ನು ಹಂಚಲಾರಂಭಿಸಿತು. ವಿಲಿಯಂ ರಿಗ್ಲಿಯ ಕತೆ ಇನ್ನೂ ಸ್ವಾರಸ್ಯಕರ. ಅವನು 1891ರಲ್ಲಿ ಷಿಕಾಗೊದಲ್ಲಿ ಸಾಬೂನಿನ ವ್ಯಾಪಾರ ಆರಂಭಿಸಿ ಅದರೊಡನೆ ಬೇಕಿಂಗ್ ಪೌಡರನ್ನು ಉಚಿತವಾಗಿ ಕೊಟ್ಟನು. ಜನ ಪೌಡರನ್ನೇ ಬಯಸಿದಾಗ ಅದನ್ನು ಮಾರತೊಡಗಿ ಅದರೊಡನೆ ಚೂಯಿಂಗ್ ಗಮ್ ಉಚಿತವಾಗಿ ಕೊಟ್ಟನು. ಕೊನೆಗೆ ಗಮ್ಮೇ ಅವನ ಮುಖ್ಯ ವ್ಯಾಪಾರವಾಯಿತು. ಕೊಸರೇ ಸರಕಾದ ಅಪರೂಪದ ಪ್ರಸಂಗವಿದು.

ಭಾರತದಲ್ಲಿ ಚಹಾ ಕುಡಿಯುವ ಅಭ್ಯಾಸ ಹರಡಿದ್ದರಲ್ಲಿ ಉಚಿತ ಹಂಚಿಕೆಯ ಪಾಲು ದೊಡ್ಡದು. 20ನೆಯ ಶತಮಾನದ ಮೊದಲರ್ಧದಲ್ಲಿ ಚಹಾ ಉದ್ಯಮದ ಸುಂಕದ ಹಣದಿಂದ ನಡೆದ ಪ್ರಚಾರದಲ್ಲಿ ಪಟ್ಟಣ, ಜಾತ್ರೆ, ರೈಲು ನಿಲ್ದಾಣಗಳಲ್ಲಿ ಚಹಾ ಮಾಡಿ ತೋರಿಸಿ ಕುಡಿಯಲು ಕೊಡಲಾಯಿತು. 1980ರ ದಶಕದಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಚಿಕ್ ಶಾಂಪೂ, ಹಳ್ಳಿಗಳಲ್ಲಿ ಹುಡುಗರ ತಲೆಗೆ ಶಾಂಪೂ ಹಚ್ಚಿ ತೋರಿಸುವುದು, ಬಳಸಿದ ಖಾಲಿ ಸ್ಯಾಷೆಗಳನ್ನು ತಂದುಕೊಟ್ಟವರಿಗೆ ಹೊಸದೊಂದನ್ನು ಉಚಿತವಾಗಿ ಕೊಡುವುದು ಮುಂತಾದ ಕ್ರಮಗಳಿಂದ ದಕ್ಷಿಣ ಭಾರತದಲ್ಲಿ ಬೇರೂರಿತು. 2016ರ ಸೆಪ್ಟೆಂಬರ್ 5ರಂದು ಆರಂಭವಾದ ರಿಲಯನ್ಸ್ ಜಿಯೋ ಮೊಬೈಲ್ ಸೇವೆಯು 2017ರ ಮಾರ್ಚ್‌ವರೆಗೆ ಉಚಿತವಾಗಿತ್ತು. ಆರು ತಿಂಗಳೊಳಗೆ 10 ಕೋಟಿ ಚಂದಾದಾರರನ್ನು ಗಳಿಸಿದ ಮೇಲೆ ಶುಲ್ಕ ಆರಂಭವಾಯಿತು. ಸಣ್ಣ ವ್ಯಾಪಾರಿಗೆ ಇಂಥ ಮಾರ್ಗ ಸಾಧ್ಯವಿಲ್ಲ. ತಿಂಗಳುಗಟ್ಟಲೆ ನಷ್ಟ ತಾಳಬಲ್ಲ ಬಂಡವಾಳವಿದ್ದವರ ಉಚಿತವು ಅದಿಲ್ಲದ ಸ್ಪರ್ಧಿಗಳನ್ನು ಕಣದಿಂದಲೇ ಹೊರಗೆ ತಳ್ಳಬಹುದೆಂಬ ಆಕ್ಷೇಪ ಇದರಿಂದಲೇ ಹುಟ್ಟಿದೆ.

ರೈತನಿಂದ ಪಡೆಯುವ ಉಚಿತ

ಕೊಸರು ಯಾವಾಗಲೂ ಮಾರುವವನ ಇಚ್ಛೆಯಿಂದಲೇ ಬರುತ್ತದೆ ಎನ್ನಲಾಗದು. ಮಾರುವವನು ದುರ್ಬಲನಾಗಿ ಕೊಳ್ಳುವವನು ಬಲಿಷ್ಠನಾಗಿರುವ ಕಡೆ ಅದು ವಸೂಲಿಯ ರೂಪ ಪಡೆಯುತ್ತದೆ. ಕೃಷಿ ಮಾರುಕಟ್ಟೆಯಲ್ಲಿ ಹರಾಜಿಗೆ ಮೊದಲು ವರ್ತಕರು ಚೀಲದಿಂದ ಒಂದು ಹಿಡಿ ತೆಗೆದು ಗುಣ ನೋಡುವುದು ಸಹಜ ಮತ್ತು ಅಗತ್ಯ. ಅಡಿಕೆ, ಹುಣಸೆ, ಕೊಬ್ಬರಿ ಯಾವುದನ್ನೂ ನೋಡದೆ ಕೂಗಲಾಗುವುದಿಲ್ಲ. ಆದರೆ ಹತ್ತು ಜನ ಹತ್ತು ಹಿಡಿ ತೆಗೆದು ಮರಳಿ ಹಾಕದಿದ್ದರೆ, ಅಥವಾ 'ಸ್ಯಾಂಪಲ್' ಹೆಸರಿನಲ್ಲಿ ಕಿಲೋಗಟ್ಟಲೆ ಪಕ್ಕಕ್ಕಿಟ್ಟರೆ ಆ ನಷ್ಟ ಬೆಳೆದವನದು. ತೂಕದಲ್ಲಿ 'ಸೂಟು' ಎಂದು ಕಳೆಯುವ ಪದ್ಧತಿಯ ವಿರುದ್ಧ ರಾಜ್ಯದ ಹಲವು ಮಾರುಕಟ್ಟೆಗಳಲ್ಲಿ ರೈತ ಸಂಘಟನೆಗಳು ಪ್ರತಿಭಟಿಸಿವೆ. ಕರ್ನಾಟಕ ಕೃಷಿ ಉತ್ಪನ್ನ ಮಾರಾಟ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ, 1966ರ ಉದ್ದೇಶಗಳಲ್ಲಿ ಇಂಥ ಅನಧಿಕೃತ ಕಡಿತಗಳನ್ನು ತಡೆಯುವುದೂ ಒಂದು.

ಸಂತೆಯಲ್ಲಿ ಸೊಪ್ಪು ಮಾರುವ ವೃದ್ಧೆಯಿಂದ ಕಾರಿನಲ್ಲಿ ಬಂದವರು ಎಳೆದಾಡಿ ಪಡೆಯುವ ಕೊಸರಿಗೂ ಇದೇ ವಿವೇಚನೆ ಅನ್ವಯಿಸುತ್ತದೆ. ಅದೇ ಗಿರಾಕಿ ಗಾಜಿನ ಬಾಗಿಲಿನ ಅಂಗಡಿಯಲ್ಲಿ ಅಚ್ಚಾದ ಬೆಲೆಯನ್ನು ಮರುಮಾತಿಲ್ಲದೆ ಕೊಡುತ್ತಾನೆ. ಅಲ್ಲಿ ಕೇಳಿಕೊಳ್ಳಲು ಮುಖವೇ ಇರುವುದಿಲ್ಲ.

ಹೆಚ್ಚುವರಿ ಮತ್ತು ಉಚಿತ

ಪೊಟ್ಟಣದ ಮೇಲೆ 'ಹೆಚ್ಚುವರಿ' ಎಂದು ಕಂಡದ್ದೆಲ್ಲ ಕೊಸರಲ್ಲ. ಕರ್ನಾಟಕ ಹಾಲು ಮಹಾಮಂಡಳವು 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ರತಿ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲು ಹೆಚ್ಚಿಸಿ ಬೆಲೆಯನ್ನು 2 ರೂಪಾಯಿ ಏರಿಸಿತು. 22 ರೂಪಾಯಿಯ 500 ಮಿ.ಲೀ. ಪೊಟ್ಟಣವು 24 ರೂಪಾಯಿಯ 550 ಮಿ.ಲೀ. ಆಯಿತು. ಲೆಕ್ಕ ಹಾಕಿದರೆ 100 ಮಿ.ಲೀ.ಗೆ ಬೀಳುವ ಬೆಲೆ ಬಹುತೇಕ ಹಿಂದಿನಷ್ಟೇ, ಅಂದರೆ 4 ರೂಪಾಯಿ 40 ಪೈಸೆಯ ಆಸುಪಾಸು. ಇದು ಉಚಿತವೂ ಅಲ್ಲ, ಮೋಸವೂ ಅಲ್ಲ. ಗಿರಾಕಿಯು ಕೇಳದಿದ್ದರೂ ಹೆಚ್ಚು ಕೊಳ್ಳುವಂತಾಯಿತು ಅಷ್ಟೆ. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿಕೆಯಾದಾಗ ಈ ಹೆಚ್ಚುವರಿ ಪ್ರಮಾಣವನ್ನು ಕೈಬಿಡಲಾಯಿತು.

ಬೆಲೆಯೊಳಗೆ ಅಡಗಿಸಿದ್ದನ್ನು ಉಚಿತವೆಂದು ಹೇಳುವುದು ಕಾನೂನಿನ ದೃಷ್ಟಿಯಲ್ಲಿ ತಪ್ಪು. ಗ್ರಾಹಕರ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ, ಕೊಡುವ ಉದ್ದೇಶವಿಲ್ಲದೆ ಉಡುಗೊರೆಯನ್ನು ಘೋಷಿಸುವುದು ಹಾಗೂ ಪೂರ್ಣವಾಗಿಯೋ ಭಾಗಶಃವಾಗಿಯೋ ಬೆಲೆಯಲ್ಲಿ ಸೇರಿರುವುದನ್ನು ಉಚಿತವೆಂದು ಬಿಂಬಿಸುವುದು ಅನುಚಿತ ವ್ಯಾಪಾರ ಪದ್ಧತಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ತರಿಸಿಕೊಳ್ಳುವ ಅನಿವಾರ್ಯ ಖರ್ಚನ್ನು ಬಿಟ್ಟು ಬೇರೆ ಯಾವುದೇ ಹಣ ಕೊಡಬೇಕಾದ ವಸ್ತುವನ್ನು ಉಚಿತವೆಂದು ಜಾಹೀರು ಮಾಡುವಂತಿಲ್ಲ. ಉಚಿತ ಪ್ರಯೋಗದ ಹೆಸರಿನಲ್ಲಿ ಬ್ಯಾಂಕ್ ವಿವರ ಪಡೆದು, ರದ್ದುಮಾಡುವ ದಾರಿಯನ್ನು ಮರೆಮಾಡಿ ಚಂದಾ ಕಡಿತ ಮಾಡುವ 'ಚಂದಾ ಬಲೆ'ಯನ್ನು ಇದೇ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ನಿಷೇಧಿತ 13 ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ.

ತೆರಿಗೆಯ ವಿಷಯದಲ್ಲಿಯೂ ವ್ಯತ್ಯಾಸವಿದೆ. 2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೆಯ ಕಲಮಿನಂತೆ ಉಚಿತ ಮಾದರಿಯಾಗಿ ಹಂಚಿದ ಸರಕಿನ ಮೇಲೆ ವ್ಯಾಪಾರಿಗೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ. 'ಒಂದು ಕೊಂಡರೆ ಒಂದು ಉಚಿತ' ಎಂಬ ಮಾರಾಟವನ್ನು ಮಾತ್ರ ಎರಡು ವಸ್ತುಗಳನ್ನು ಒಂದು ಬೆಲೆಗೆ ಮಾರಿದಂತೆ ಪರಿಗಣಿಸಬೇಕೆಂದು 2019ರ ಮಾರ್ಚ್ 7ರ ಸುತ್ತೋಲೆ ಸ್ಪಷ್ಟಪಡಿಸಿದೆ. ತೆರಿಗೆ ಇಲಾಖೆಯ ಮಟ್ಟಿಗೆ ಅಲ್ಲಿ ಉಚಿತವೆಂಬುದೇ ಇಲ್ಲ.

ಮಾದರಿ ಹಂಚಿಕೆಗೆ ನಿರ್ಬಂಧವಿರುವ ಸರಕುಗಳು

ಕೆಲವು ಸರಕುಗಳಲ್ಲಿ ಉಚಿತ ಮಾದರಿಯೇ ಅಪಾಯಕಾರಿ. ಇವುಗಳಲ್ಲಿ ಮೊದಲನೆಯದು ಶಿಶುಗಳ ಹಾಲಿನ ಪುಡಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಉಚಿತ ಡಬ್ಬಿ ದೊರೆತು ಮಗುವಿಗೆ ಪುಡಿಹಾಲು ರೂಢಿಯಾದರೆ, ಮಗು ಚೀಪುವುದು ಕಡಿಮೆಯಾದಂತೆ ತಾಯಿಯ ಎದೆಹಾಲಿನ ಉತ್ಪತ್ತಿಯೂ ಕುಗ್ಗುತ್ತದೆ. ಉಚಿತ ಡಬ್ಬಿ ಮುಗಿಯುವ ವೇಳೆಗೆ ಕೊಳ್ಳದೆ ಬೇರೆ ದಾರಿ ಉಳಿದಿರುವುದಿಲ್ಲ. ಬಡ ಕುಟುಂಬವು ಪುಡಿಯನ್ನು ಉಳಿಸಲು ನೀರು ಹೆಚ್ಚಿಸುವುದೂ, ಅಶುದ್ಧ ನೀರಿನಿಂದ ಮಗುವಿಗೆ ಭೇದಿಯಾಗುವುದೂ ಅನೇಕ ದೇಶಗಳಲ್ಲಿ ಕಂಡುಬಂದ ಮೇಲೆ ವಿಶ್ವ ಆರೋಗ್ಯ ಸಭೆಯು 1981ರಲ್ಲಿ ಅಂತಾರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಭಾರತದ 1992ರ ಕಾಯಿದೆಯು ಶಿಶು ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳನ್ನು ಮಾರಾಟ ಹೆಚ್ಚಿಸಲು ಮಾದರಿಯಾಗಿ ಹಂಚುವುದನ್ನು ನಿಷೇಧಿಸಿದೆ. 2003ರಲ್ಲಿ ಅದನ್ನು ತಿದ್ದುಪಡಿ ಮಾಡಿ ಬಿಗಿಗೊಳಿಸಲಾಯಿತು.

ಎರಡನೆಯದು ಔಷಧಿ. ವೈದ್ಯರಿಗೆ ಕಂಪನಿಗಳು ಕೊಡುವ ಮಾದರಿಗಳ ಮೇಲೆ 'ಮಾರಾಟಕ್ಕಲ್ಲ' ಎಂಬ ಮುದ್ರೆ ಇರಬೇಕು. 2024ರ ಮಾರ್ಚ್‌ನಲ್ಲಿ ಹೊರಬಂದ ಔಷಧ ಮಾರಾಟ ಪದ್ಧತಿಗಳ ಏಕರೂಪ ಸಂಹಿತೆಯಂತೆ ಒಬ್ಬ ವೈದ್ಯರಿಗೆ ಒಂದು ಔಷಧಿಯ ಮಾದರಿ ಪೊಟ್ಟಣಗಳನ್ನು ವರ್ಷಕ್ಕೆ 12ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಒಂದು ಪೊಟ್ಟಣದಲ್ಲಿ ಮೂವರು ರೋಗಿಗಳಿಗೆ ಬೇಕಾದುದಕ್ಕಿಂತ ಹೆಚ್ಚಿನ ಪ್ರಮಾಣ ಇರುವಂತಿಲ್ಲ, ಹಾಗೂ ಹಂಚಿದ ಮಾದರಿಗಳ ಒಟ್ಟು ಮೌಲ್ಯವು ಕಂಪನಿಯ ವಾರ್ಷಿಕ ದೇಶೀಯ ಮಾರಾಟದ ಶೇಕಡ 2ನ್ನು ಮೀರುವಂತಿಲ್ಲ. ಯಾರಿಗೆ, ಯಾವಾಗ, ಎಷ್ಟು ಮಾದರಿ ಕೊಡಲಾಯಿತೆಂಬ ಲೆಕ್ಕವನ್ನು ಕಂಪನಿಯು ಇಟ್ಟಿರಬೇಕು.